ಪ್ರಾಜೆಕ್ಟ್ ಅಂದ್ರೆ ನಿಜಕ್ಕೂ ಏನು?

ಎಂಜಿನಿಯರಿಂಗ್ ಕಾಲೇಜಿನಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬೀಳುವ ಪದ ಯಾವುದು? ಮೊದಲ ವರ್ಷದಲ್ಲಿ ಕೇಳಿದ್ದರೆ ‘ಬಂಕ್’ ಎನ್ನುತ್ತಿದ್ದೆ. ಆರನೇ ಸೆಮಿಸ್ಟರ್‌ಗೆ ಬಂದು ನಿಂತ ಮೇಲೆ ಉತ್ತರ ಬದಲಾಗಿದೆ. ಈಗ ಎಲ್ಲಿ ಹೋದರೂ ‘ಪ್ರಾಜೆಕ್ಟ್’. ಮಿನಿ ಪ್ರಾಜೆಕ್ಟ್, ಮೇಜರ್ ಪ್ರಾಜೆಕ್ಟ್, ಪ್ರಾಜೆಕ್ಟ್ ಗೈಡ್, ಪ್ರಾಜೆಕ್ಟ್ ರಿಪೋರ್ಟ್, ಪ್ರಾಜೆಕ್ಟ್ ವೈವಾ. ಕ್ಯಾಂಟೀನಿನಲ್ಲಿ ಇಬ್ಬರು ಸೀನಿಯರ್‌ಗಳು ಎದುರಾದರೆ ‘ಊಟ ಆಯ್ತಾ’ ಅನ್ನುವ ಮೊದಲು ‘ಪ್ರಾಜೆಕ್ಟ್ ಏನಾಯ್ತು’ ಎಂದು ಕೇಳಿಕೊಳ್ಳುತ್ತಾರೆ. ಕೆಲಸ ಹುಡುಕುವವರ ಪಾಡೂ ಇದೇ. ರೆಸ್ಯೂಮೆಯಲ್ಲಿ ಒಂದು ಕಾಲಂ ಅದಕ್ಕೇ ಮೀಸಲು. ಸಂದರ್ಶನಕ್ಕೆ ಕುಳಿತರೆ ಹೆಸರು, ಊರು ಆದ ಮೇಲೆ ಮೂರನೇ ಪ್ರಶ್ನೆ ಅದೇ: ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ.

ಇಷ್ಟು ಸಲ ಬಳಸುವ ಪದದ ಅರ್ಥ ನಮಗೆ ಗೊತ್ತೇ? ‘ಓಹೋ, ಗೊತ್ತಿಲ್ಲದೇ ಏನು’ ಎನ್ನುವವರಿಗೆ ಒಂದು ಮಾತು. ಈ ಪದಕ್ಕೆ ನಮ್ಮ ಕಾಲೇಜಿನಲ್ಲಿ ಒಂದು ಅರ್ಥ, ನಮ್ಮೂರಿನಲ್ಲಿ ಬೇರೆಯೇ ಒಂದು ಅರ್ಥ. ನನ್ನ ಊರು ಕಾರವಾರ ತಾಲೂಕಿನ ಕದ್ರಾ.

ಯಾರ ಗದ್ದೆ ಹೋಗ್ತದೆ ಮಗಾ?

ಕದ್ರಾ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಕಾಳಿ ನದಿ ಸಮುದ್ರ ಸೇರುವ ಮೊದಲು ಕಟ್ಟಿಸಿಕೊಂಡ ಕೊನೆಯ ಅಣೆಕಟ್ಟು ನಮ್ಮೂರಿನದು. ಜೊಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟುವ ಕಾಳಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ ಎಂದು ಒಂದೊಂದು ಕಡೆ ನಿಂತು, ಇಳಿದು ನಮ್ಮಲ್ಲಿಗೆ ಬರುತ್ತದೆ. ಕದ್ರಾ ವಿದ್ಯುದಾಗಾರದಲ್ಲಿ 50 ಮೆಗಾವಾಟ್‌ನ ಮೂರು ಯಂತ್ರಗಳಿವೆ, ಒಟ್ಟು 150 ಮೆಗಾವಾಟ್. 1990ರ ದಶಕದ ಕೊನೆಯಲ್ಲಿ ಅವು ತಿರುಗಲು ಶುರುವಾದವು. ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. 220 ಮೆಗಾವಾಟ್‌ನ ನಾಲ್ಕು ಘಟಕ, ಒಟ್ಟು 880 ಮೆಗಾವಾಟ್. ಅದರ ಯಂತ್ರಗಳನ್ನು ತಂಪಾಗಿಡುವುದು ಇದೇ ಕದ್ರಾ ಜಲಾಶಯದ ನೀರು.

ಹಾಗಾಗಿ ನಮ್ಮ ಕಡೆ ‘ಪ್ರಾಜೆಕ್ಟ್’ ಒಂದು ಕಾಲಮಾಪನ. ಹಿರಿಯರು ಇಸವಿ ಹೇಳುವುದಿಲ್ಲ. ‘ಪ್ರಾಜೆಕ್ಟ್ ಬರುವ ಮುಂಚೆ’, ‘ಪ್ರಾಜೆಕ್ಟ್ ಬಂದ ಮೇಲೆ’ ಎನ್ನುತ್ತಾರೆ. ಟೌನ್‌ಶಿಪ್ಪಿನಲ್ಲಿ ಇರುವವರು ‘ಪ್ರಾಜೆಕ್ಟಿನವರು’. ಒಬ್ಬರಿಗೆ ಅದು ಕೆಲಸ ಕೊಟ್ಟಿದೆ, ಇನ್ನೊಬ್ಬರ ಮನೆ, ಗದ್ದೆ, ದೇವರಕಟ್ಟೆ ನೀರಿನಡಿ ಹೋಗಿದೆ. ಕೆಲವು ಮನೆಗಳಲ್ಲಿ ಎರಡೂ ಒಟ್ಟಿಗೇ ಆಗಿವೆ.

ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ‘ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡ್ತಾ ಇದ್ದೇನೆ’ ಅಂದೆ. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: ‘ಹೌದಾ? ಯಾರ ಗದ್ದೆ ಹೋಗ್ತದೆ ಮಗಾ ಅದಕ್ಕೆ?’

ನಾನು ಮಾಡುತ್ತಿದ್ದುದು ನಾಲ್ಕು ಸೆನ್ಸರ್, ಒಂದು ಬೋರ್ಡ್ ಇರುವ ಪುಟ್ಟ ಮಾದರಿ. ಮನೆಯವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. ಅವರು ತಮಾಷೆಗೆ ಕೇಳಿರಲಿಲ್ಲ. ಅವರ ನಿಘಂಟಿನಲ್ಲಿ ಪ್ರಾಜೆಕ್ಟ್ ಎಂದರೆ ಯಾರದೋ ಏನೋ ಹೋಗುವುದು. ರಜೆ ಮುಗಿಸಿ ಬಂದ ಮೇಲೆ ಲೈಬ್ರರಿಯಲ್ಲಿ ಈ ಪದದ ಬೆನ್ನು ಹತ್ತಿದೆ. ನೋಡಿದರೆ ಅಜ್ಜಿಯ ಅರ್ಥ ಪದದ ಮೂಲಕ್ಕೆ ನಮ್ಮ ಅರ್ಥಕ್ಕಿಂತ ಹತ್ತಿರವಿತ್ತು!

ಮೂಲದಲ್ಲಿ ಇದು ಎಸೆತ

ಪ್ರಾಜೆಕ್ಟ್ ಇಂಗ್ಲಿಷಿಗೆ ಬಂದಿದ್ದು ಲ್ಯಾಟಿನ್‌ನಿಂದ. ‘ಪ್ರೊ’ ಎಂದರೆ ಮುಂದಕ್ಕೆ. ‘ಯಾಕೆರೆ’ ಎಂದರೆ ಎಸೆ. ಎರಡೂ ಸೇರಿದರೆ ‘ಮುಂದಕ್ಕೆ ಎಸೆದದ್ದು’. ಸುಮಾರು 600 ವರ್ಷಗಳ ಹಿಂದೆ ಇಂಗ್ಲಿಷಿಗೆ ಕಾಲಿಟ್ಟಾಗ ಇದರ ಅರ್ಥ ‘ಯೋಚನೆ’, ‘ಕರಡು’ ಎಂದಷ್ಟೇ ಇತ್ತು. ಇನ್ನೂ ಆಗದ ಕೆಲಸವನ್ನು ಮನಸ್ಸು ಮುಂದಿನ ದಿನಗಳ ಕಡೆಗೆ ಎಸೆಯುವುದು.

ಈ ‘ಎಸೆ’ ಧಾತುವಿನ ಮಕ್ಕಳುಮರಿ ನಮ್ಮ ಸುತ್ತಲೇ ಇದ್ದಾರೆ. ಒಳಗೆ ಎಸೆದರೆ ಇಂಜೆಕ್ಟ್. ಆಸ್ಪತ್ರೆಯ ಇಂಜೆಕ್ಷನ್ ಅಲ್ಲಿಂದಲೇ. ಹೊರಗೆ ಎಸೆದರೆ ಇಜೆಕ್ಟ್. ವಾಪಸ್ ಎಸೆದರೆ ರಿಜೆಕ್ಟ್. ಅರ್ಜಿ ಹಾಕಿದವರಿಗೆಲ್ಲ ಇದರ ಪರಿಚಯ ಇದ್ದೇ ಇದೆ. ಎದುರಿಗೆ ಎಸೆದರೆ ಆಬ್ಜೆಕ್ಟ್. ಕೆಳಗೆ ಎಸೆದರೆ ಸಬ್ಜೆಕ್ಟ್. ರಾಜನ ಅಧೀನಕ್ಕೆ ಬಿದ್ದವರು ಎಂಬ ಅರ್ಥದಲ್ಲಿ ಪ್ರಜೆಗಳಿಗೆ ಆ ಹೆಸರು ಬಂತು. ಎಂಜಿನಿಯರಿಂಗ್ ಸಬ್ಜೆಕ್ಟುಗಳ ವಿಷಯದಲ್ಲಿ ಯಾರು ಯಾರ ಕೆಳಗೆ ಬಿದ್ದಿದ್ದಾರೆ ಎಂದು ಬ್ಯಾಕ್‌ಲಾಗ್ ಇರುವವರನ್ನು ಕೇಳಿ. ಹಾರಿದ ಗುಂಡಿನ ದಾರಿ ಟ್ರಾಜೆಕ್ಟರಿ. ರಭಸದಿಂದ ಚಿಮ್ಮುವುದು ಜೆಟ್. ಕಾರವಾರದವರಿಗೆ ಇನ್ನೂ ಹತ್ತಿರದ ನೆಂಟನಿದ್ದಾನೆ. ಬೈತಖೋಲದಲ್ಲಿ ಮೀನಿನ ಬೋಟು ಬಂದು ನಿಲ್ಲುವ ಜೆಟ್ಟಿ! ದಡದಿಂದ ನೀರಿನೊಳಕ್ಕೆ ಚಾಚಿ ಎಸೆದ ಕಟ್ಟೆ ಎಂದು ಫ್ರೆಂಚರು ಇಟ್ಟ ಹೆಸರು ಅದು. ಹಾಗೆ ನೋಡಿದರೆ ಪ್ರಾಜೆಕ್ಟ್ ಮತ್ತು ಜೆಟ್ಟಿ ಒಂದೇ ಮನೆತನದವರು.

ಪ್ರಾಜೆಕ್ಟ್ ಮತ್ತು ಇಜೆಕ್ಟ್ ಅಂತೂ ಒಡಹುಟ್ಟಿದವರೇ. ಎರಡರಲ್ಲೂ ಎಸೆತ ಒಂದೇ, ಬೇರೆಯಾಗಿರುವುದು ಮೊದಲಕ್ಷರ ಮಾತ್ರ. ಯೋಜನೆ ರೂಪಿಸುವವರಿಗೆ ಅದು ಮುಂದಕ್ಕೆ ಎಸೆತ, ಮನೆ ಬಿಟ್ಟವರಿಗೆ ಹೊರಕ್ಕೆ ಎಸೆತ. ನಿಂತ ಜಾಗ ಬದಲಾದರೆ ಪದವೂ ಬದಲಾಗುತ್ತದೆ.

ಕನ್ನಡದ ಲೆಕ್ಕ

ನಾವು ಪ್ರಾಜೆಕ್ಟನ್ನು ‘ಯೋಜನೆ’ ಎನ್ನುತ್ತೇವೆ. ಇದರ ಬೇರು ಸಂಸ್ಕೃತದ ‘ಯುಜ್’, ಅಂದರೆ ಕೂಡಿಸು, ಹೂಡು. ಯೋಗ, ಯುಕ್ತಿ, ಸಂಯೋಜನೆ ಎಲ್ಲ ಇದೇ ಬೇರಿನವು. ಹಳೆಯ ಕಾಲದಲ್ಲಿ ಯೋಜನ ಎಂದರೆ ದೂರದ ಅಳತೆ. ಒಮ್ಮೆ ನೊಗ ಹೂಡಿದರೆ ಬಿಚ್ಚುವವರೆಗೆ ಸಾಗುವ ದಾರಿ ಎಂಬುದು ಅದರ ಹಿಂದಿನ ಕಲ್ಪನೆ. ನೊಗಕ್ಕಿರುವ ಇಂಗ್ಲಿಷ್ ಪದ ‘ಯೋಕ್’ ಕೂಡ ಇದರ ದೂರದ ಸಂಬಂಧಿ. ಇಂಗ್ಲಿಷಿನವರು ಎಸೆತ ಎಂದಿದ್ದನ್ನು ನಾವು ಕೂಡಿಸುವುದು ಎಂದಿದ್ದೇವೆ.

ಹಾಗಾದರೆ ಎಸೆಯುವ ಅರ್ಥ ಕನ್ನಡಕ್ಕೆ ಬರಲೇ ಇಲ್ಲವೇ? ಬಂದಿದೆ, ಬೇರೆ ಬಾಗಿಲಿನಿಂದ. ಭೂಗೋಳದ ಪುಸ್ತಕದಲ್ಲಿ ಮ್ಯಾಪ್ ಪ್ರೊಜೆಕ್ಷನ್‌ಗೆ ‘ನಕ್ಷಾ ಪ್ರಕ್ಷೇಪ’ ಎಂದು ಓದಿದ್ದು ನೆನಪಿದೆಯೇ? ‘ಪ್ರ’ ಎಂದರೆ ಮುಂದೆ, ‘ಕ್ಷೇಪ’ ಎಂದರೆ ಎಸೆತ. ಲ್ಯಾಟಿನ್ ಪದಕ್ಕೆ ತೂಕ ಹಾಕಿದ ಹಾಗೆ ಸರಿಸಾಟಿ. ಕ್ಷಿಪಣಿ ಇದೇ ಧಾತುವಿನದು. ಇನ್ನೂ ಮಜಾ ಅಂದರೆ ಎದುರಿಗೆ ಎಸೆದ ಮಾತಿಗೆ ಇಂಗ್ಲಿಷಿನಲ್ಲಿ ಆಬ್ಜೆಕ್ಷನ್, ನಮ್ಮಲ್ಲಿ ‘ಆಕ್ಷೇಪ’. ಸ್ಪರ್ಧಾತ್ಮಕ ಪರೀಕ್ಷೆ ಬರೆದವರಿಗೆ ಇದು ಚೆನ್ನಾಗಿ ಗೊತ್ತು. ಕೀ ಉತ್ತರ ಪ್ರಕಟವಾದ ದಿನವೇ ಶುರುವಾಗುವ ಓಟ: ‘ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನಾಂಕ’.

ಪ್ರಾಜೆಕ್ಟ್ ಮತ್ತು ಆಬ್ಜೆಕ್ಷನ್, ಪ್ರಕ್ಷೇಪ ಮತ್ತು ಆಕ್ಷೇಪ. ಎರಡು ಭಾಷೆಯಲ್ಲೂ ಇವು ಜೋಡಿ. ಒಬ್ಬರು ಮುಂದಕ್ಕೆ ಒಂದು ಯೋಚನೆ ಎಸೆದರೆ, ಇನ್ನೊಬ್ಬರಿಗೆ ಎದುರಿನಿಂದ ಒಂದು ಪ್ರಶ್ನೆ ಎಸೆಯುವ ಹಕ್ಕಿರಬೇಕು ಎಂದು ಭಾಷೆಯೇ ಹೇಳುವಂತಿದೆ.

ಸೌತೆಕಾಯಿಯಿಂದ ಬಿಸಿಲು

ಈ ಪದಕ್ಕೆ ಒಂದು ಕಾಲದಲ್ಲಿ ಒಳ್ಳೆಯ ಹೆಸರೂ ಇರಲಿಲ್ಲ. ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ‘ಪ್ರಾಜೆಕ್ಟರ್’ ಎಂದರೆ ಸಿನಿಮಾ ತೋರಿಸುವ ಯಂತ್ರವಲ್ಲ, ಒಬ್ಬ ಮನುಷ್ಯ. ದಿನಕ್ಕೊಂದು ಯೋಜನೆ ಹಿಡಿದು, ‘ದುಡ್ಡು ಹಾಕಿ, ಹತ್ತರಷ್ಟು ಬರುತ್ತದೆ’ ಎಂದು ಓಡಾಡುವವನು. ಕೆಲವರು ನಿಜವಾದ ಕನಸುಗಾರರು, ಹಲವರು ಟೋಪಿ ಹಾಕುವವರು. ‘ರಾಬಿನ್‌ಸನ್ ಕ್ರೂಸೊ’ ಬರೆದ ಡೇನಿಯಲ್ ಡೀಫೊ 1697ರಲ್ಲಿ ಪ್ರಾಜೆಕ್ಟುಗಳ ಬಗ್ಗೆಯೇ ಒಂದು ಪುಸ್ತಕ ಬರೆದು, ತನ್ನ ಕಾಲವನ್ನು ಪ್ರಾಜೆಕ್ಟುಗಳ ಯುಗ ಎಂದು ಕರೆದ. ಜೊನಾಥನ್ ಸ್ವಿಫ್ಟ್ 1726ರ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿ ಇಂಥವರನ್ನು ಚೆನ್ನಾಗಿ ಗೇಲಿ ಮಾಡಿದ್ದಾನೆ. ಅಲ್ಲೊಬ್ಬ ಮಹಾಶಯ ಸೌತೆಕಾಯಿಯಿಂದ ಬಿಸಿಲನ್ನು ಹೊರತೆಗೆಯುವ ಪ್ರಾಜೆಕ್ಟ್‌ನಲ್ಲಿ ಎಂಟು ವರ್ಷ ಕಳೆದಿರುತ್ತಾನೆ!

ನಗು ಬಂತೇ? ನಮ್ಮ ಪ್ರಾಜೆಕ್ಟ್ ಎಕ್ಸಿಬಿಷನ್‌ಗಳನ್ನು ಒಮ್ಮೆ ನೆನೆಸಿಕೊಳ್ಳಿ. ಯಾರೂ ಕೇಳದ ಸಮಸ್ಯೆಗೆ ಯಾರಿಗೂ ಬೇಡದ ಪರಿಹಾರ, ಅದಕ್ಕೆ ಬಣ್ಣದ ಬೈಂಡಿಂಗ್. ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳಿಗೂ ಕಡಿಮೆಯಿಲ್ಲ. ಸೌತೆಕಾಯಿ ಬದಲಾಗಿದೆ, ಅಷ್ಟೇ.

ಬಳಸುವಾಗ ಗಮನಿಸಿ

ಸಂದರ್ಶನಕ್ಕೆ ಹೋಗುವವರಿಗೆ ಕೆಲಸಕ್ಕೆ ಬರುವ ಒಂದೆರಡು ವಿಷಯ. ಈ ಪದ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕಾಗುಣಿತ ಒಂದೇ, ಉಚ್ಚಾರ ಬೇರೆ. ‘ನನ್ನ ಪ್ರಾಜೆಕ್ಟ್’ ಎನ್ನುವಾಗ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ. ‘ಪರದೆಯ ಮೇಲೆ ಚಿತ್ರ ಪ್ರೊಜೆಕ್ಟ್ ಮಾಡು’ ಎನ್ನುವಾಗ ಒತ್ತು ‘ಜೆಕ್ಟ್’ ಮೇಲೆ. ರೆಕಾರ್ಡ್, ಪರ್ಮಿಟ್, ಪ್ರೆಸೆಂಟ್ ಪದಗಳಿಗೂ ಇದೇ ನಿಯಮ.

ಕ್ರಿಯಾಪದವಾದಾಗ ಇದಕ್ಕೆ ಹಲವು ಮುಖ. ಬೆಳಕು ಎಸೆಯುವುದು ಪ್ರೊಜೆಕ್ಟರ್‌ನ ಕೆಲಸ. ಗೋಡೆಯಿಂದ ಸಜ್ಜಾ ಹೊರಚಾಚಿದರೆ ಅದೂ ಪ್ರೊಜೆಕ್ಷನ್. ನಾಟಕದವರು ಕೊನೆಯ ಸಾಲಿಗೆ ಕೇಳುವಂತೆ ದನಿ ಎಸೆದರೆ ಅದು ವಾಯ್ಸ್ ಪ್ರೊಜೆಕ್ಷನ್. ನಮ್ಮೊಳಗಿನ ಸಿಟ್ಟನ್ನು ಪಕ್ಕದವನ ಮೇಲೆ ಹೊರಿಸಿ ‘ಅವನಿಗೇ ನನ್ನ ಮೇಲೆ ಸಿಟ್ಟು’ ಎಂದರೆ ಮನಶ್ಶಾಸ್ತ್ರದ ಪ್ರೊಜೆಕ್ಷನ್. ಈಗಿನ ಲೆಕ್ಕದಿಂದ ಮುಂದಿನದನ್ನು ಅಂದಾಜಿಸುವುದೂ ಪ್ರೊಜೆಕ್ಷನ್ನೇ. ಮಳೆಗಾಲದಲ್ಲಿ ನಮ್ಮೂರಿಗೆ ಈ ಅರ್ಥ ಬಲು ಮುಖ್ಯ. ಮೇಲಿನಿಂದ ಎಷ್ಟು ನೀರು ಬರಬಹುದು ಎಂಬ ಅಂದಾಜಿನ ಮೇಲೆ ಗೇಟು ಯಾವಾಗ, ಎಷ್ಟು ತೆಗೆಯಬೇಕು ಎಂಬುದು ನಿಂತಿದೆ. 2019ರ ಆಗಸ್ಟ್‌ನಲ್ಲಿ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ನೋಡಿದವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಭಾಷಾಂತರ ಪತ್ರಿಕೆ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ಕನ್ನಡದ ‘ಯೋಜನೆ’ಗೆ ಇಂಗ್ಲಿಷಿನಲ್ಲಿ ಕನಿಷ್ಠ ಮೂರು ಪದಗಳಿವೆ. 1951ರಲ್ಲಿ ಶುರುವಾದ ಪಂಚವಾರ್ಷಿಕ ಯೋಜನೆ ‘ಪ್ಲಾನ್’. ಗೃಹಜ್ಯೋತಿ ಯೋಜನೆ ‘ಸ್ಕೀಮ್’. ಕಾಳಿ ಜಲವಿದ್ಯುತ್ ಯೋಜನೆ ‘ಪ್ರಾಜೆಕ್ಟ್’. ಪ್ಲಾನ್ ಎಂದರೆ ಏನು, ಹೇಗೆ ಮಾಡಬೇಕು ಎಂಬ ನಕ್ಷೆ. ಸ್ಕೀಮ್ ಎಂದರೆ ಅರ್ಹರಿಗೆಲ್ಲ ಸಿಗುವ ಸೌಲಭ್ಯದ ವ್ಯವಸ್ಥೆ. ಪ್ರಾಜೆಕ್ಟ್ ಎಂದರೆ ಒಂದು ಶುರು, ಒಂದು ಕೊನೆ ಇರುವ, ಒಂದು ನಿರ್ದಿಷ್ಟ ಫಲಕ್ಕಾಗಿ ಮಾಡುವ ಕೆಲಸ. ಮ್ಯಾನೇಜ್‌ಮೆಂಟ್ ಪುಸ್ತಕಗಳು ಒತ್ತಿ ಹೇಳುವುದು ಇದನ್ನೇ. ಪ್ರಾಜೆಕ್ಟ್‌ಗೆ ಕೊನೆ ಇರಲೇಬೇಕು.

ಕೊನೆ ಯಾರಿಗೆ?

ನನಗೆ ಈ ವ್ಯಾಖ್ಯೆಯಲ್ಲಿ ಸಿಕ್ಕಿಕೊಂಡಿದ್ದು ಆ ‘ಕೊನೆ’ಯೇ.

ನಮ್ಮ ಜಿಲ್ಲೆಯನ್ನೇ ನೋಡಿ. ಸೂಪಾ ಅಣೆಕಟ್ಟು ಮುಗಿಯಿತು. ಹಳೆಯ ಸೂಪಾ ಪೇಟೆ ನೀರಿನಡಿ ಸೇರಿ ತಾಲೂಕು ಕೇಂದ್ರ ಜೊಯಿಡಾಕ್ಕೆ ಬಂತು. ಊರು ಬಿಟ್ಟ ಎಷ್ಟೋ ಜನ ರಾಮನಗರದಲ್ಲಿ ಮನೆ ಕಟ್ಟಿಕೊಂಡರು. ಅವರ ಮೊಮ್ಮಕ್ಕಳು ಇಂದಿಗೂ ‘ನಮ್ಮೂರು ಸೂಪಾ’ ಎಂದರೆ ಯಾವ ಊರಿನ ಲೆಕ್ಕ? ಕಡಲತೀರದಲ್ಲಿ 1986ರಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ನೌಕಾನೆಲೆ 2005ರಲ್ಲಿ ಐಎನ್‌ಎಸ್ ಕದಂಬ ಆಗಿ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ತೀರದ ಹಲವು ಊರುಗಳು ಖಾಲಿಯಾದವು. ಅಲ್ಲಿಂದ ಬಂದವರನ್ನು ಜನ ಇವತ್ತಿಗೂ ಗುರುತಿಸುವುದು ‘ಸೀಬರ್ಡ್ ನಿರಾಶ್ರಿತರು’ ಎಂದೇ. ದೇಶಕ್ಕೆ ನೌಕಾನೆಲೆ ಬೇಕು, ವಿದ್ಯುತ್ ಬೇಕು. ನಾನು ಓದುತ್ತಿರುವುದೇ ಎಲೆಕ್ಟ್ರಿಕಲ್. ಮೊಬೈಲ್ ಚಾರ್ಜಿಗೆ ಹಾಕಿ ‘ಅಣೆಕಟ್ಟು ಬೇಡವಿತ್ತು’ ಎನ್ನುವಷ್ಟು ಸುಲಭದ ಮಾತು ನನ್ನಲ್ಲಿಲ್ಲ.

ಆದರೆ ಸರ್ಕಾರಿ ಹುದ್ದೆಗೆ ಆನ್‌ಲೈನ್ ಅರ್ಜಿ ತುಂಬಿದವರು ಒಂದು ಕಾಲಂ ನೋಡಿರುತ್ತೀರಿ. ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ ಇವುಗಳ ಜೊತೆಗೆ ‘ಯೋಜನಾ ನಿರಾಶ್ರಿತ ಅಭ್ಯರ್ಥಿ’. ಬಹಳಷ್ಟು ಜನ ಅದಕ್ಕೆ ‘ಇಲ್ಲ’ ಒತ್ತಿ ಮುಂದೆ ಹೋಗುತ್ತಾರೆ. ನನ್ನ ಗೆಳೆಯನೊಬ್ಬ ಅಲ್ಲಿ ನಿಲ್ಲುತ್ತಾನೆ. ಅವನ ಮನೆಯವರು ಜಮೀನು ಕಳೆದುಕೊಂಡಾಗ ಅವನು ಹುಟ್ಟಿಯೇ ಇರಲಿಲ್ಲ. ಆ ಗದ್ದೆಯನ್ನು ಅವನು ಕಂಡಿಲ್ಲ, ಅದರ ಹೆಸರು ಮಾತ್ರ ಗೊತ್ತು. ಆದರೂ ‘ಹೌದು’ ಒತ್ತಬೇಕು, ಪ್ರಮಾಣಪತ್ರಕ್ಕಾಗಿ ಅಜ್ಜನ ಹೆಸರಿನ ಹಳೆಯ ಕಾಗದ ಹುಡುಕಬೇಕು. ಎಂಜಿನಿಯರುಗಳ ಕಡತದಲ್ಲಿ ಎಂದೋ ಮುಗಿದುಹೋದ ಪ್ರಾಜೆಕ್ಟ್ ಅವನ ಅರ್ಜಿಯಲ್ಲಿ ಇನ್ನೂ ನಡೆಯುತ್ತಿದೆ.

ಕಾನೂನು ಕೂಡ ಇದನ್ನು ನಿಧಾನವಾಗಿಯೇ ಕಲಿಯಿತು. ದೇಶದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರ ಹೆಸರಿನಲ್ಲಿದ್ದುದು ಭೂಮಿ ಪಡೆಯುವ ಮಾತು ಮಾತ್ರ. ಅದರ ಬದಲಿಗೆ ಬಂದ 2013ರ ಕಾಯ್ದೆಯ ಹೆಸರಿನಲ್ಲೇ ನ್ಯಾಯಯುತ ಪರಿಹಾರ, ಪುನರ್ವಸತಿ ಸೇರಿಕೊಂಡವು. ಯೋಜನೆಯಿಂದ ಜನಜೀವನದ ಮೇಲಾಗುವ ಪರಿಣಾಮವನ್ನು ಮೊದಲೇ ಅಧ್ಯಯನ ಮಾಡಬೇಕೆಂಬ ನಿಯಮವೂ ಬಂತು. ಎಸೆಯುವ ಮುನ್ನ ಎದುರಿಗೆ ಯಾರಿದ್ದಾರೆ ನೋಡು ಎಂದ ಹಾಗೆ. ಸೂಪಾ, ಕದ್ರಾ, ಸೀಬರ್ಡ್‌ನ ಕಾಲಕ್ಕೆ ಈ ಕಾಯ್ದೆ ಇರಲಿಲ್ಲ.

ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ

ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ನಮಗೆಲ್ಲ ಮೊದಲು ಕಲಿಸುವುದು ಪ್ರೊಜೆಕ್ಷನ್. ಒಂದೇ ವಸ್ತುವನ್ನು ಎದುರಿನಿಂದ, ಮೇಲಿನಿಂದ, ಬದಿಯಿಂದ ನೋಡಿ ಬರೆಯಬೇಕು. ಒಂದೇ ನೋಟ ಬರೆದು ಕೊಟ್ಟರೆ ಅಂಕ ಸಿಗದು. ಯಾಕೆಂದರೆ ಎದುರಿನಿಂದ ಚೌಕವಾಗಿ ಕಂಡದ್ದು ಮೇಲಿನಿಂದ ವೃತ್ತವಾಗಿರಬಹುದು. ಇಷ್ಟು ಚೆನ್ನಾಗಿ ಕಲಿತ ಪಾಠವನ್ನು ನಾವು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಅನ್ವಯಿಸುವುದೇ ಇಲ್ಲ. ಅಲ್ಲಿ ಎದುರಿನ ನೋಟ ಒಂದೇ: ಎಷ್ಟು ಅಂಕ?

ನಮ್ಮ ತಂಡದಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಯಾವ ಐಡಿಯಾ ಬಂದರೂ ಪಿಪಿಟಿ ಮಾಡುವ ಮೊದಲು ನಾಲ್ಕು ಪ್ರಶ್ನೆ. ಇದು ಯಾರಿಗೆ ಬೇಕು? ಅವರನ್ನು ನಾವು ಕೇಳಿದ್ದೇವೆಯೇ? ಇದರಿಂದ ಯಾರಿಗಾದರೂ ಕೆಲಸವೋ ಜಾಗವೋ ಹೋಗುತ್ತದೆಯೇ? ನಾವು ಡಿಗ್ರಿ ಮುಗಿಸಿ ಹೋದ ಮೇಲೆ ಇದನ್ನು ನಡೆಸುವವರು ಯಾರು?

ಕಳೆದ ತಿಂಗಳು ಒಬ್ಬ ಗೆಳತಿ ಮೀನು ವಿಂಗಡಿಸುವ ಯಂತ್ರದ ಐಡಿಯಾ ತಂದಳು. ಕ್ಯಾಮೆರಾ ನೋಡಿ ಗುರುತಿಸುತ್ತದೆ, ಬೆಲ್ಟ್ ತಳ್ಳುತ್ತದೆ. ಚೆಂದವಿತ್ತು. ಮೂರನೇ ಪ್ರಶ್ನೆ ಬಂದಾಗ ಎಲ್ಲರೂ ಸುಮ್ಮನಾದೆವು. ಜೆಟ್ಟಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಆ ಕೆಲಸ ಮಾಡುವ ಹೆಂಗಸರು ನೆನಪಾದರು. ಅವಳೇ ಹೋಗಿ ಅವರನ್ನು ಮಾತಾಡಿಸಿ ಬಂದಳು. ವಿಂಗಡಿಸುವುದು ಅವರಿಗೆ ಕಷ್ಟವೇ ಅಲ್ಲವಂತೆ, ಕೈ ತಾನಾಗಿಯೇ ನಡೆಯುತ್ತದಂತೆ. ಕಷ್ಟ ಇರುವುದು ಮಧ್ಯಾಹ್ನದ ಬಿಸಿಲಿಗೆ ಉಳಿದ ಮೀನು ಕೆಡುವುದರಲ್ಲಿ. ಈಗ ತಂಡದ ಪ್ರಾಜೆಕ್ಟ್ ಬದಲಾಗಿದೆ. ಬುಟ್ಟಿಯ ಗಾತ್ರದ, ಕಡಿಮೆ ಖರ್ಚಿನ ತಂಪುಪೆಟ್ಟಿಗೆ. ಆಗುತ್ತದೋ ಇಲ್ಲವೋ ನೋಡಬೇಕು. ಮೊದಲ ಮಾದರಿ ಎರಡು ಗಂಟೆಯೂ ತಂಪು ಹಿಡಿಯಲಿಲ್ಲ.

ಸಂದರ್ಶನದಲ್ಲಿ ಆ ಮೂರನೇ ಪ್ರಶ್ನೆ ಬಂದಾಗ ಬೋರ್ಡಿನ ಹೆಸರು, ಕೋಡಿನ ಭಾಷೆ ಎಲ್ಲರೂ ಹೇಳುತ್ತಾರೆ. ‘ಇದನ್ನು ಬಳಸಬೇಕಾದವರನ್ನು ಕೇಳಿದೆವು, ಅವರು ಬೇಡ ಎಂದರು, ಹಾಗಾಗಿ ಬದಲಿಸಿದೆವು’ ಎನ್ನುವವರು ಕಡಿಮೆ. ಆದರೆ ಕೆಲಸ ಗೊತ್ತಿರುವ ಎಂಜಿನಿಯರ್ ಆಡುವ ಮಾತು ಅದೇ ಅಲ್ಲವೇ? ನಾಳೆ ನಮ್ಮಲ್ಲಿ ಯಾರೋ ಒಬ್ಬರು ರಸ್ತೆಗೋ, ಸೇತುವೆಗೋ, ಅಣೆಕಟ್ಟಿಗೋ ಗೆರೆ ಎಳೆಯಲಿದ್ದಾರೆ. ಆ ಗೆರೆ ಯಾರದೋ ಅಂಗಳದ ಮೇಲೆ ಹಾದುಹೋಗುತ್ತದೆ. ಇಂಗ್ಲಿಷ್ ಪದದ ಎಸೆತವನ್ನೂ ಕನ್ನಡ ಪದದ ಕೂಡಿಸುವಿಕೆಯನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ಪೆನ್ಸಿಲ್ ಇಡುವ ಮುನ್ನ ಆ ಅಂಗಳದವರ ಮನೆಗೆ ಒಮ್ಮೆ ಹೋಗಿ ಬರುತ್ತೇವೆ.

ಅಂದಹಾಗೆ, ನಿಮ್ಮ ಪ್ರಾಜೆಕ್ಟ್ ಏನು?